ಮೂರು ಮನೆಯ ಹೆಪ್ಪು, ಒಂದು ಪಿಎಚ್.ಡಿ.

ಕಮಲಾಪುರದ ನಮ್ಮ ಓಣಿಯಲ್ಲಿ ಒಂಬತ್ತು ವರ್ಷ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟು, ಒಮ್ಮೆಯೂ ಮುಖ ಗಂಟಿಕ್ಕದವಳು ವಿದ್ಯಾವತಿ.

"ಇನ್ನಾ ಮುಗೀಲಿಲ್ಲೇನವಾ ನಿನ್ನ ಪಿಎಚ್.ಡಿ.?"

"ಇನ್ನಾ ಇಲ್ರಿ."

ಕೇಳುವವರದೂ ತಪ್ಪಲ್ಲ. ತೊಗರಿ ಬಿತ್ತಿದರೆ ಆರು ತಿಂಗಳಿಗೆ ರಾಶಿ. ಎಮ್ಮೆ ಗಬ್ಬಾದರೆ ಹತ್ತು ತಿಂಗಳಿಗೆ ಕರು. ನಮ್ಮೂರಿನ ಕೆಂಪು ಬಾಳೆ ಸಾವಕಾಶದ ಗಿಡವೆಂದೇ ಹೆಸರಾದದ್ದು, ಅದೂ ಒಂದೂವರೆ ವರ್ಷಕ್ಕೆ ಗೊನೆ ಕೊಡುತ್ತದೆ. ಒಂಬತ್ತು ವರ್ಷ ನೀರುಣಿಸಿದರೂ ಗೊನೆ ಹಾಕದ ಗಿಡವನ್ನು ನಮ್ಮ ಜನ ಮೊದಲ ಸಲ ಕಂಡಿದ್ದರು.

ವಿದ್ಯಾವತಿ ನನ್ನ ಪಕ್ಕದ ಮನೆಯ ಚಂದಮ್ಮನ ಸೊಸೆ, ಮೆಡಿಕಲ್ ಅಂಗಡಿಯ ಶಿವಲಿಂಗನ ಹೆಂಡತಿ. ತವರು ಆಳಂದ ಕಡೆಯ ಒಂದು ಹಳ್ಳಿ. ತಂದೆ ಅಣವೀರಪ್ಪನದು ಹಿಟ್ಟಿನ ಗಿರಣಿ. ಕರೆಂಟು ದಿನಕ್ಕೆ ಎರಡು ತಾಸು ಬಂದರೆ ಹಬ್ಬ ಎನ್ನುವ ಕಾಲ ಅದು. ಗಿರಣಿಯಲ್ಲಿ ಇದ್ದದ್ದು ಒಂದೇ ಕಲ್ಲು. ಜೋಳ, ಗೋಧಿ, ಕಡಲೆ, ಮೆಣಸಿನಕಾಯಿ, ಎಲ್ಲದರ ಡಬ್ಬಿಗಳೂ ಸಾಲುಗಟ್ಟಿ ನಿಂತಿರುತ್ತಿದ್ದವು. ಖಾರ ಬೀಸಿದ ಕಲ್ಲಿಗೆ ಗೋಧಿ ಸುರಿದರೆ ಮರುದಿನ ಊರಿನ ಕೂಸುಗಳೆಲ್ಲ ಚಪಾತಿ ತಿಂದು ಅಳುತ್ತಿದ್ದವು. ಹತ್ತು ವರ್ಷದ ವಿದ್ಯಾವತಿ ಸ್ಟೂಲಿನ ಮೇಲೆ ಕುಳಿತು, ಯಾವ ಡಬ್ಬಿಯ ಹಿಂದೆ ಯಾವುದನ್ನು ಇಟ್ಟರೆ ಕಲ್ಲು ಒರೆಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆಂದು ಬೆರಳು ತೋರಿಸಿ ಹೇಳುತ್ತಿದ್ದಳಂತೆ. ಮಾಸ್ತರರು ಇದಕ್ಕೆ ಗಣಿತ ಅನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು ಬಹಳ ತಡವಾಗಿ.

ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ನಮ್ಮೂರಿಗೆ ಬಂದಳು. ಮಗಳನ್ನು ತೊಟ್ಟಿಲಲ್ಲಿ ಬಿಟ್ಟು ಎಂ.ಎಸ್ಸಿ. ಮಾಡಿದಳು. ತೊಟ್ಟಿಲು ನಾನೇ ಮಾಡಿದ್ದು, ಸಾಗವಾನಿಯದು, ಇವತ್ತಿಗೂ ಒಂದು ಕೀಲು ಅಲುಗಿಲ್ಲ. ಆಮೇಲೆ ನಮ್ಮೂರ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ವಾರದಲ್ಲಿ ಮೂರು ದಿನ ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ಬಸ್ಸು. ಹೋಗುವಾಗ ಬಿಸಿಲು ಬೀಳದ ಬಲಗಡೆ ಕಿಟಕಿಗೆ ಕೂಡುವುದು, ಬರುವಾಗ ಯಾವ ಕಡೆ ಜಾಗ ಸಿಕ್ಕರೆ ಆ ಕಡೆ. ಕೈಯಲ್ಲಿ ಸದಾ ಒಂದು ರಟ್ಟು. ಶಿವಲಿಂಗನ ಅಂಗಡಿಯ ಖಾಲಿ ಔಷಧದ ಡಬ್ಬಿಗಳನ್ನು ಬಿಚ್ಚಿ, ಒಳಗಿನ ಬಿಳಿ ಬದಿಯಲ್ಲಿ ಚುಕ್ಕಿ ಇಡುವುದು, ಚುಕ್ಕಿಗೆ ಚುಕ್ಕಿ ಗೆರೆ ಎಳೆಯುವುದು, ಇದೇ ಅವಳ ಸಂಶೋಧನೆ.

ಶಿವಲಿಂಗ ಗಿರಾಕಿಗಳಿಗೆ ಹೇಳುತ್ತಿದ್ದ: "ನಮ್ಮ ಅಂಗಡಿ ಔಷಧ ಮಂದಿಗಿ ನಾಟ್ತಾವೋ ಇಲ್ಲೋ ಗೊತ್ತಿಲ್ಲ. ಡಬ್ಬಿ ಮಾತ್ರ ಒಂದೂ ವೇಸ್ಟ್ ಹೋಗಂಗಿಲ್ಲ."

ಎರಡು ವರ್ಷದ ಹಿಂದಿನ ಯುಗಾದಿ ಮುಗಿದ ವಾರ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಶ್ಯಾವಿಗೆ ಹೊಸೆಯುತ್ತ ಕುಳಿತಿದ್ದರು. ಎದುರು ಮನೆಯ ಶೇವಂತಾ ಕೇಳಿಯೇ ಬಿಟ್ಟಳು: "ವಿದ್ಯಾ, ಸಿಟ್ಟ ಬರಬ್ಯಾಡ. ಒಂಬತ್ತು ವರ್ಷ ಚುಕ್ಕಿಗೆ ಗೆರಿ ಎಳದ್ರ ರಂಗೋಲಿನೇ ಎಷ್ಟ ದೊಡ್ಡದಾಗ್ತಿತ್ತ. ನೀ ಏನ ಹುಡುಕಾಕತ್ತಿ ಅದರಾಗ?"

ವಿದ್ಯಾವತಿ ತಿರುಗಿ ಕೇಳಿದಳು: "ಶೇವಂತಕ್ಕ, ಹಾಲಿಗಿ ಹೆಪ್ಪು ಇಲ್ಲಂದ್ರ ಏನ ಮಾಡ್ತಿ?"

"ಬಾಜೂ ಮನಿಗಿ ಬಟ್ಟಲಾ ತೊಗೊಂಡ ಹೋಗ್ತೀನಿ."

"ಹಂಗಂದ್ರ ಎಲ್ಲಾರ ಮನ್ಯಾಗೂ ಹೆಪ್ಪು ಇರಬೇಕು ಅಂತಿಲ್ಲ. ತನ್ನ ಮನ್ಯಾಗರೆ ಇರಬೇಕು, ಇಲ್ಲಾ ಒಂದ ಹೊಸ್ತಿಲಾ ದಾಟಿದ್ರ ಸಿಗಬೇಕು. ಹೌದಲ್ಲೋ? ಈಗ ಹೇಳ್ರಿ, ಇಡೀ ಓಣಿಗಿ ಹೆಪ್ಪಿನ ತ್ರಾಸ ಆಗಬಾರದಂದ್ರ ಕಡಿಮಿಗಿ ಕಡಿಮಿ ಎಷ್ಟ ಮನ್ಯಾಗ ಹೆಪ್ಪು ಇಡಬೇಕು? ಮನಿ ಅಂದ್ರ ಚುಕ್ಕಿ, ಕೊಡಾಕೊಳ್ಳೋದು ಅಂದ್ರ ಗೆರಿ. ಅದ ನನ್ನ ಕೆಲಸ."

ಕಟ್ಟೆಯ ಮೇಲೆ ಶ್ಯಾವಿಗೆ ಹೊಸೆಯುವ ಕೈಗಳು ನಿಂತವು. ಒಂಬತ್ತು ವರ್ಷದಲ್ಲಿ ಮೊದಲ ಸಲ ಎಲ್ಲರಿಗೂ ತಿಳಿದಿತ್ತು. ನಾನು ಮರಕ್ಕೆ ರಂದಾ ಹೊಡೆಯುವುದನ್ನು ಬಿಟ್ಟು ನನ್ನ ಅಂಗಳದಿಂದಲೇ ಕೇಳಿಸಿಕೊಂಡೆ. ಶಾಲೆ ನಾಲ್ಕನೇ ಇಯತ್ತೆಗೆ ಬಿಟ್ಟವನು ನಾನು. ಬಾಗಿಲ ಚೌಕಟ್ಟಿನ ಮೂಲೆ ಸರಿ ಇದೆಯೋ ಇಲ್ಲವೋ ನೋಡಲು ಮೂರು, ನಾಲ್ಕು, ಐದರ ದಾರ ಹಿಡಿಯುವುದನ್ನು ನನಗೆ ಯಾವ ಮಾಸ್ತರನೂ ಕಲಿಸಲಿಲ್ಲ, ನನ್ನ ಕೈಯೇ ಕಲಿಯಿತು. ಹಾಗಾಗಿ ತಿಳಿಯುವ ಮಾತು ಯಾವುದು, ಗಾಳಿಗೆ ತೂರುವ ಹೊಟ್ಟು ಯಾವುದು ಎಂದು ನನಗೆ ಗೊತ್ತಾಗುತ್ತದೆ. ಇದು ಗಟ್ಟಿ ಕಾಳು.

"ಮತ್ತ ಎಷ್ಟ ಮನ್ಯಾಗ ಇಟ್ರ ಸಾಕ?" ಎಂದಳು ಚಂದಮ್ಮ.

"ಓಣಿ ಎಷ್ಟರೆ ದೊಡ್ಡದಿರಲಿ ಅತ್ತಿ, ಅರ್ಧ ಮನಿ ಸಾಕು. ಮೂರು ಮನಿ ಇದ್ರ ಒಂದು. ನಾಕಿದ್ರ ಎರಡು. ಅದಕ್ಕ ಹೆಚ್ಚು ಯಾವತ್ತೂ ಬೇಕಾಗಂಗಿಲ್ಲ."

ಹೆಚ್ಚು ಹೇಳಿದ್ದು ತಪ್ಪಾಯಿತು. ಚಂದಮ್ಮನಿಗೆ ಸೊಸೆಯ ಮಾತು ಎಂದರೆ ಕಲ್ಲಿನ ಮೇಲೆ ಕೆತ್ತಿದ ಅಕ್ಷರ. ಎದುರಿಗೆ ಮಾತ್ರ ಬೈಯುತ್ತಾಳೆ.

ಬೇಸಿಗೆ ಏರುತ್ತಿತ್ತು. ಮದುವೆಗಳ ಸುಗ್ಗಿ. ಹೆಂಗಸರು ಎರಡು ದಿನ ಊರಿಗೆ ಹೋಗಿ ಬಂದರೆ ಮನೆಯಲ್ಲಿಟ್ಟ ಹೆಪ್ಪು ಸತ್ತಿರುತ್ತದೆ, ಇಲ್ಲವೇ ಹುಣಸೆಹಣ್ಣಾಗಿರುತ್ತದೆ. ಪಾಕೀಟು ಮೊಸರು ಅಂಗಡಿಯಲ್ಲಿ ಉಂಟು. ಆದರೆ ಪಾಕೀಟಿನ ಮೊಸರನ್ನು ಹೆಪ್ಪಿಗೆ ಹಾಕುವವಳು ನಮ್ಮ ಓಣಿಯಲ್ಲಿ ಇನ್ನೂ ಹುಟ್ಟಬೇಕು. ಚಂದಮ್ಮ ಸಾರಿದಳು: "ಯುನಿವರ್ಸಿಟಿ ಒಳಗ ಸಾಬೀತ ಆಗ್ಯದ. ನಾವು ಬೇವಿನಗಿಡದ ಬಲ್ಲಿ ಇರೋ ಮೂರು ಮನಿಗಿ ಒಂದ ಮನಿ ಹೆಪ್ಪು ಸಾಕು. ವಾರಕ್ಕೊಬ್ರು ಇಡೋಣು. ಉಳದೋರು ಬೇಕಾದಲ್ಲಿ ತಿರಗ್ಯಾಡ್ರಿ." ಮೂರು ಮನೆ ಎಂದರೆ ಚಂದಮ್ಮನದು, ಎದುರಿನ ಶೇವಂತಾಳದು, ಮೂಲೆಯಲ್ಲಿ ಅಂಗನವಾಡಿಯ ಅಂಬಿಕಾಳದು. ಮೊದಲ ವಾರದ ಪಾಳಿ ಚಂದಮ್ಮನೇ ಹಿಡಿದಳು.

ಶೇವಂತಾ, ಅಂಬಿಕಾ ಇಬ್ಬರೂ ನೆಂಟರ ಮದುವೆಗೆಂದು ಹೋಗಿ ಗುರುವಾರ ಸಂಜೆ ಬಂದರು. ಶೇವಂತಾ ಚಂದಮ್ಮನಿಂದ ಹೆಪ್ಪು ತಂದು ಹಾಲಿಗೆ ಹಾಕಿದಳು. ಅಂಬಿಕಾ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವಳ ಮನೆಗೆ ಹೊಸ ಬೀಗರು ಊಟಕ್ಕೆ ಬಂದರು. ಶೇವಂತಾಳನ್ನು ಕೇಳಿದರೆ ಅವಳ ಮೊಸರು ಅದೇ ಬೆಳಿಗ್ಗೆ ಗಟ್ಟಿಯಾದದ್ದು, ಅದರಿಂದ ಹೆಪ್ಪು ಹಾಕಿದರೆ ಮರುದಿನದ ಮಾತು. ಕೊನೆಗೆ ಬೀಗರ ತಾಟಿಗೆ ಬಿದ್ದದ್ದು ಪಾಕೀಟು ಮೊಸರು. ಬೀಗಿತಿ ಬೆರಳಲ್ಲಿ ಮುಟ್ಟಿ, "ಎಮ್ಮಿ ಇಲ್ಲೇನ್ರಿ ನಿಮ್ಮಲ್ಲಿ?" ಎಂದು ಬಹಳ ಮೆತ್ತಗೆ ಕೇಳಿದಳಂತೆ.

ಸಂಜೆ ಅಂಬಿಕಾ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಬಂದಳು. ಜಗಳ ಚಂದಮ್ಮನ ಜೊತೆಗಲ್ಲ, ನೇರ ವಿದ್ಯಾವತಿಯ ಜೊತೆಗೆ.

"ಏನ ತಂಗಿ, ನಿನ್ನ ಪಿಎಚ್.ಡಿ. ನನ್ನ ಮಾನಾ ತಗೀತು! ಒಂದ ಮನಿ ಸಾಕು ಅಂದ್ಯಲ್ಲ? ನಿಮ್ಮತ್ತಿ ನನಗ ಹೆಪ್ಪು ಕೊಡ್ತಾಳೇನ?"

"ಯಾಕ ಕೊಡಬೇಕ?" ಒಳಗಿನಿಂದ ಚಂದಮ್ಮ. "ಮೂರು ವರ್ಷದ ಹಿಂದ ಖಾಲಿ ಬಟ್ಟಲಾ ಕಳಿಸಿದಾಕಿ!"

ಇದರ ಅರ್ಥ ಹೇಳಿಬಿಡುತ್ತೇನೆ. ಹೆಪ್ಪು ತಂದ ಬಟ್ಟಲನ್ನು ನಮ್ಮಲ್ಲಿ ಖಾಲಿ ಮರಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಖಾಲಿ ಬಟ್ಟಲು ಬಂದರೆ ಮನೆಯ ಹೈನು ಹೋಗುತ್ತದೆಂದು ನಂಬಿಕೆ. ಆ ದಿನ ಚಂದಮ್ಮ ಆಣೆ ಮಾಡಿದ್ದಳು, ಅಂಬಿಕಾಳ ಬಟ್ಟಲಿಗೆ ನನ್ನ ಹೆಪ್ಪು ಬೀಳುವುದಿಲ್ಲ ಎಂದು. ಆದರೆ ಅಂಬಿಕಾಳಿಗೆ ಹಟವಿಲ್ಲ, ಚಂದಮ್ಮ ಕೇಳಿದಾಗೆಲ್ಲ ಕೊಡುತ್ತಾಳೆ. ಚಂದಮ್ಮ ಇಸಿದುಕೊಳ್ಳುತ್ತಾಳೆ, ಬಟ್ಟಲಲ್ಲಿ ಎದ್ದು ಕಾಣುವಂತೆ ಎರಡು ಚಮಚ ಸಕ್ಕರೆ ಹಾಕಿ ಮರಳಿಸುತ್ತಾಳೆ. ಅದೂ ಒಂದು ಬೈಗುಳವೇ.

"ಹಂಗಾದ್ರ ಹೆಪ್ಪು ಶೇವಂತಕ್ಕನೇ ಇಡ್ಲಿ, ನೀವು ಅಕಿ ಬಲ್ಲಿ ಇಸಗೋರಿ ಅತ್ತಿ. ಅಕಿ ಅಂಬಿಕಕ್ಕಗೂ ಕೊಡ್ತಾಳ" ಎಂದಳು ವಿದ್ಯಾವತಿ.

"ಅಕಿ ಹೆಪ್ಪು ಹಾಕಿದ್ರ ಮೊಸರು ಹಲ್ಲ ಜುಮ್ಮ ಅಂತದ! ನಾ ತರಂಗಿಲ್ಲ."

ಎದುರು ಮನೆಯಿಂದ ಶೇವಂತಾ ಕೂಗಿದಳು: "ನಂದ ಹುಳಿ ಅಂತ ಅನ್ನಾಕಿ, ಅಂಬಿಕಾನ ಲೋಳಿಲೋಳಿ ಹೆಪ್ಪು ತೊಗೋತಿಯಲ್ಲ! ಅದನ್ನ ನಾ ಮುಟ್ಟಂಗಿಲ್ಲ ನೋಡ!"

ವಿದ್ಯಾವತಿ ನಗುತ್ತ ಮೂವರ ನಡುವೆ ನಿಂತಿದ್ದಳು. ನೋಡನೋಡುತ್ತ ಅವಳ ನಗೆ ನಿಂತಿತು. ಸೀದಾ ನನ್ನ ಅಂಗಳಕ್ಕೆ ಬಂದಳು.

"ಬಡಗಿ ಕಾಕಾ, ಪೆನ್ಸಿಲಾ ಕೊಡ್ರಿ."

ನಾನು ರಂದಾ ಹೊಡೆದಿಟ್ಟ ಹಲಗೆಯ ಮೇಲೆಯೇ ಮೂರು ಚುಕ್ಕಿ ಇಟ್ಟಳು. ಚಂದಮ್ಮನಿಂದ ಶೇವಂತಾಳಿಗೆ ಬಾಣ. ಶೇವಂತಾಳಿಂದ ಅಂಬಿಕಾಳಿಗೆ ಬಾಣ. ಅಂಬಿಕಾಳಿಂದ ಚಂದಮ್ಮನಿಗೆ ಬಾಣ. ಎತ್ತು ಗಾಣ ಸುತ್ತಿದ ಹಾಗೆ ಒಂದೇ ದಿಕ್ಕು, ತಿರುಗಿ ಬರುವ ಬಾಣ ಒಂದೂ ಇಲ್ಲ. ಯಾರೊಬ್ಬರ ಮನೆಯಲ್ಲಿ ಹೆಪ್ಪಿಟ್ಟರೂ ಒಂದು ಮನೆ ಒಣಗುತ್ತದೆ.

"ಒಂದಕ್ಕ ಆಗಂಗಿಲ್ಲ, ಎರಡು ಬೇಕು" ಎಂದೆ ನಾನು. ಡಿಗ್ರಿ ಬೇಕಾಗಲಿಲ್ಲ, ಕಣ್ಣು ಸಾಕಾಯಿತು.

"ಹೌದು ಕಾಕಾ, ಎರಡು ಬೇಕು." ಅವಳ ದನಿ ಇಳಿದಿತ್ತು. "ನನ್ನ ನಾಕನೇ ಅಧ್ಯಾಯ ಪೂರ್ತಿ ಇಂಥಾ ಒಂದ ದಿಕ್ಕಿನ ಗೆರಿದೇ ಅದ. ಅಲ್ಲೂ ನಾ ಅರ್ಧ ಸಾಕು ಅಂತ ಬರದೀನಿ. ಮೊದಲಿನ ಅಧ್ಯಾಯದಾಗ ಗೆರಿ ಎರಡೂ ಕಡಿ ಇತ್ತು. ಅದೇ ಗುಂಗಿನಾಗ, ಇವರು ಕೊಟ್ರ ಅವರೂ ಕೊಡ್ತಾರ ಅಂತ ಒಂದ ಸಾಲು ನನಗೇ ಗೊತ್ತಿಲ್ದ ಒಳಗ ಬಂದದ. ಎಂಬತ್ಮೂರನೇ ಪೇಜಿನಾಗ."

"ಒಂದ ಸಾಲ ಅಲ್ಲೇನ?"

"ಒಂದ ಸಾಲಿನ ಮ್ಯಾಲ ಹದಿನೆಂಟು ಪೇಜ ಕುಂತಾವ ಕಾಕಾ."

ಅಪಾಯ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಅವಳ ಗಡುವು ಈಗಾಗಲೇ ಎರಡು ಸಲ ಮುಂದೆ ಹೋಗಿತ್ತು. ಮುಂದಿನ ಶುಕ್ರವಾರ ಕಡೆಯ ದಿನ. ಅವತ್ತು ಪ್ರಬಂಧ ಒಪ್ಪಿಸದಿದ್ದರೆ ಹೆಸರೇ ರದ್ದು, ಒಂಬತ್ತು ವರ್ಷ ನೀರಿಗೆ. ಪ್ರಬಂಧ ಆಗಲೇ ಮುದ್ರಣವಾಗಿ ಕಲಬುರಗಿ ಸ್ಟೇಶನ್ ಬಜಾರದ ಹುಸೇನನ ಬೈಂಡಿಂಗ್ ಅಂಗಡಿಯಲ್ಲಿ ರಟ್ಟು ಹೊದ್ದು ಕುಳಿತಿತ್ತು, ಮೇಲೆ ಬಂಗಾರದ ಅಕ್ಷರ ಬೇರೆ.

ನಾನು ಕೇಳಿದ್ದು ಇಷ್ಟೇ: "ಪರೀಕ್ಷಾ ಮಾಡೋರಿಗಿ ಅದು ಕಾಣಸ್ತದೇನು?"

"ಕಂಡ್ರ ಕಂಡೀತು, ಇಲ್ಲಂದ್ರ ಇಲ್ಲ."

"ಚೌಕಟ್ಟ ಬೆರಳಷ್ಟ ವಾಲಿದ್ರ ಬಾಗಲಾ ಕೆತ್ತಿ ಕೂಡಸಬಹುದು ತಾಯಿ. ಬಣ್ಣಾ ಹಚ್ಚಿದ್ರ ಯಾರಿಗೂ ಕಾಣಂಗಿಲ್ಲ. ಆದ್ರ ಮನಿ ಮಂದಿಗಿ ಆ ಬಾಗಲಾ ದಿನಾ ಕಿರ್ ಅಂತದ."

ಅವಳು ಹಲಗೆಯನ್ನು ಬಗಲಲ್ಲಿಟ್ಟುಕೊಂಡು ಹೋದಳು. ಗಿರಾಕಿಯ ಕಪಾಟಿನ ಹಲಗೆ ಅದು. ಹೋಗಲಿ ಎಂದು ಬಿಟ್ಟೆ.

ಮರುದಿನ ಶನಿವಾರ ಬೆಳಗಿನ ಬಸ್ಸಿಗೆ ಕಲಬುರಗಿ. ವಿಭಾಗದಲ್ಲಿ ಅವಳ ಜೊತೆಗಾತಿ ಉಮ್ಮೆ ಹಾನಿ ಇದ್ದಳು. ಅವಳದು ಅನ್ವಯಿಕ ಗಣಿತ, ಕಟ್ಟಿಕೊಂಡ ನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆಂಬ ಲೆಕ್ಕ. ಇವಳ ಚುಕ್ಕಿಗಳನ್ನು ಅವಳು, ಅವಳ ರಕ್ತವನ್ನು ಇವಳು ಆರು ವರ್ಷದಿಂದ ಆಡಿಕೊಂಡು ಬಂದವರು.

"ಹುಚ್ಚ ಹಿಡದದೇನಕ್ಕಾ?" ಎಂದಳು ಉಮ್ಮೆ ಹಾನಿ. "ಎಂಬತ್ಮೂರನೇ ಪೇಜ್ ಯಾರ ಓದ್ತಾರ? ಪರೀಕ್ಷಕರು ಮುನ್ನುಡಿ ನೋಡ್ತಾರ, ಕಡೀಗಿ ತಮ್ಮ ಹೆಸರ ಅದನೋ ಇಲ್ಲೋ ನೋಡ್ತಾರ. ಮೊದಲ ಡಿಗ್ರಿ ತೊಗೋ, ಆಮ್ಯಾಲ ಆರಾಮ ತಿದ್ದು."

"ಹಾನಿ, ನಿನ್ನ ಲೆಕ್ಕದಾಗ ರಕ್ತ ಹಿಂದ ಹರದ್ರ ಬಿಡ್ತೀಯೇನ?"

"ನನ್ನ ರಕ್ತದ ಸುದ್ದಿಗಿ ಬರಬ್ಯಾಡ" ಎಂದಳು ಉಮ್ಮೆ ಹಾನಿ. ಆದರೆ ಮಧ್ಯಾಹ್ನ ಅವಳೇ ಜೊತೆಯಾಗಿ ಟಂಟಂ ಆಟೋ ಹತ್ತಿ ಸ್ಟೇಶನ್ ಬಜಾರಕ್ಕೆ ಬಂದಳು.

ಹುಸೇನ ಐದು ಪ್ರತಿಗಳನ್ನು ಮದುಮಕ್ಕಳಂತೆ ಸಾಲಾಗಿ ನಿಲ್ಲಿಸಿದ್ದ. ಕಿತ್ತುಹಾಕು ಎಂದಾಗ ಕುರ್ಚಿ ಹಿಡಿದು ಕುಳಿತ. "ಮೇಡಂ, ಮೂವತ್ತು ವರ್ಷ ಆತು ಈ ಧಂದಾದಾಗ. ಹೆಸರು ತಪ್ಪಾಗ್ಯದ, ಬದಲಿ ಮಾಡು ಅಂತ ಬಂದಾರ. ಗೈಡಿನ ಹೆಸರಿಗಿ ಡಾಕ್ಟರ್ ಹಚ್ಚೋದು ಬಿಟ್ಟದ ಅಂತ ಬಂದಾರ. ಒಳಗಿನ ಮಾತ ತಪ್ಪ ಅದ ಅಂತ ಯಾರೂ ಬಂದಿಲ್ರಿ."

"ನಾನೇ ಮೊದಲನೇದಾಕಿ ಆಗ್ತೀನಿ ಹುಸೇನ ಭಾಯಿ. ಗುರುವಾರ ಹೊಸಾ ಪೇಜು ತರ್ತೀನಿ. ಶುಕ್ರವಾರ ಮುಂಜಾನಿ ಕೊಡಬೇಕು."

"ಅಕ್ಷರ ಉಳಿಸಿ ರಟ್ಟು ಬಿಚ್ಚತೀನಿ ತೊಗೋರಿ" ಎಂದ ಹುಸೇನ, ತನ್ನ ಮಗುವಿನ ಅಂಗಿ ಬಿಚ್ಚುವವನ ಹಾಗೆ.

ಭಾನುವಾರ ಕಲಬುರಗಿಯ ಗಾಜಿಪುರದಲ್ಲಿ ಗೈಡ್ ಅತುಲ ಸರ್ ಮನೆ. ಒಳ್ಳೆಯ ಮನುಷ್ಯರು, ಮಾತು ಕಡಿಮೆ, ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವವರು. ಹಲಗೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನೋಡಿದರು.

"ಛೆ, ಛೆ. ನಾನೂ ನಾಕು ಸಲ ಓದೇನಿ. ನನಗೂ ಕಾಣಲಿಲ್ಲ" ಎಂದರು. "ಈಗ ಏನು ಅಂತೀರಿ? ಅಧ್ಯಾಯಾ ತಗದು ಹಾಕಿಬಿಡೋಣ? ಉಳದದ್ದು ಸಣ್ಣದಾಗ್ತದ. ಆದ್ರೂ ನಡೀತದ."

"ತಗದ್ರ ಏನ ಉಳೀತದ ಸರ್? ಬಟ್ಟಲಾ ಖಾಲಿ ಕಳಿಸಿದಂಗ ಆಗ್ತದ. ನನಗ ನಾಕು ದಿವಸ ಕೊಡ್ರಿ."

ಒಳಗಿನಿಂದ ಅವರ ತಾಯಿ ಸಾವಿತ್ರೀಬಾಯಿ ಆಜಿ ಅವಲಕ್ಕಿ ತಂದಿಟ್ಟು, ಹಲಗೆಯ ಬಾಣಗಳನ್ನು ಕುತೂಹಲದಿಂದ ನೋಡಿದರು. ವಿದ್ಯಾವತಿ ಕಥೆ ಹೇಳಿದಳು. ಆಜಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಮನೀನ ಎಲ್ಲಿ ಇಡ್ತೀಯ ಇದರಾಗ? ನಾ ಎಲ್ಲಾರಿಗೂ ಹೆಪ್ಪು ಕೊಡ್ತೀನಿ. ಯಾರ ಕಡೆಯಿಂದನೂ ತೊಗೊಳ್ಳೋದಿಲ್ಲ. ನಮ್ಮ ಅತ್ತಿಯವರು ಇಟ್ಟ ಹೆಪ್ಪು, ಐವತ್ತೆರಡು ವರ್ಷ ಆತು, ಒಂದು ದಿವಸ ತಪ್ಪಿಲ್ಲ."

ಆಜಿಯದು ಮಡಿಯೂ ಹೌದು, ಹೆಮ್ಮೆಯೂ ಹೌದು. ಆದರೆ ಗುರುವೂ ಶಿಷ್ಯೆಯೂ ಅವಲಕ್ಕಿ ಬಾಯಿಗಿಡುವುದನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿದರು. ಯಾರಿಂದಲೂ ತೆಗೆದುಕೊಳ್ಳದ ಮನೆ! ಅಂಥ ಮನೆಯಲ್ಲಿ ಹೆಪ್ಪು ಇರಲೇಬೇಕು, ಬೇರೆ ದಾರಿಯೇ ಇಲ್ಲ. ಅವನ್ನು ಮೊದಲು ಬೇರೆ ತೆಗೆದಿಟ್ಟು, ಉಳಿದ ಮನೆಗಳ ಲೆಕ್ಕ ಹಿಡಿಯಬೇಕು.

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ಅಡುಗೆ ಚಂದಮ್ಮನದು, ಮಗಳ ಜಡೆ ಶಿವಲಿಂಗನದು. ಆ ಜಡೆ ನೋಡಿ ಶಾಲೆಯ ಹುಡುಗಿಯರೆಲ್ಲ ನಕ್ಕರಂತೆ. ಕೆಮ್ಮಿನ ಔಷಧದ ಡಬ್ಬಿಗಳು ಮುಗಿದು ಮಂಡಿನೋವಿನ ಮುಲಾಮಿನ ಡಬ್ಬಿಗಳು ಬಂದವು. ಬುಧವಾರ ಬೆಳಿಗ್ಗೆ ವಿದ್ಯಾವತಿ ಬೇವಿನ ಗಿಡದ ಕೆಳಗೆ ಹಲ್ಲುಜ್ಜುತ್ತ ನಿಂತಿದ್ದವಳು ಬ್ರಶ್ ಬಾಯಲ್ಲಿಟ್ಟುಕೊಂಡೇ ಒಳಗೆ ಓಡಿದಳು. ಮಧ್ಯಾಹ್ನ ನನಗೆ ತೋರಿಸಿದಳು. ಯಾರಿಂದಲೂ ತೆಗೆದುಕೊಳ್ಳದ ಮನೆಗಳು ತಮ್ಮ ಹೆಪ್ಪು ತಾವಿಟ್ಟುಕೊಳ್ಳಲಿ. ಉಳಿದವರಲ್ಲಿ ಅರ್ಧ ಸಾಲದೆ ಹೋಗಬಹುದು, ಆದರೆ ಮೂರರಲ್ಲಿ ಎರಡು ಪಾಲು ಯಾವತ್ತೂ ಸಾಕು. ಇಷ್ಟು ಬೇರೆಯವರಿಗೂ ಗೊತ್ತಿದ್ದದ್ದೇ ಎಂದು ಅತುಲ ಸರ್ ಹಳೆಯ ಲೇಖನ ಹುಡುಕಿ ಕೊಟ್ಟಿದ್ದರು. ಅವಳ ಸ್ವಂತದ್ದು ಅದರ ಮುಂದಿನದು: ಪೂರ್ತಿ ಎರಡು ಪಾಲು ಬೇಕೇಬೇಕಾಗುವ ಓಣಿಗಳು ಎಂಥವು? ನಮ್ಮ ಮೂರು ಮನೆಯಂಥ ಗಾಣದ ಸುತ್ತುಗಳಿಂದ ಕಟ್ಟಿದವು. ಹಳೆಯ ಹದಿನೆಂಟು ಪುಟ ಹೋಗಿ ಹನ್ನೊಂದು ಪುಟವಾಯಿತು. ತೂಕ ಮಾತ್ರ ಹೆಚ್ಚಾಯಿತು.

ಗುರುವಾರ ಮುದ್ರಣ. ಶುಕ್ರವಾರ ಹುಸೇನನ ಅಂಟು ಇನ್ನೂ ಹಸಿ. ಪ್ರತಿಗಳನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಚೇರಿಯ ಕಿಟಕಿ ಮುಚ್ಚುವ ಅರ್ಧ ತಾಸು ಮುಂಚೆ ಒಪ್ಪಿಸಿದಳು. ಗುಮಾಸ್ತ ರಸೀದಿ ಕೊಟ್ಟು, ಬೆರಳಿಗೆ ಅಂಟಿದ ಅಂಟು ಒರೆಸಿಕೊಳ್ಳುತ್ತ, "ಯಾಕ್ರಿ ಮೇಡಂ, ಒಂಬತ್ತ ವರ್ಷ ಸಾಲಲಿಲ್ಲೇನು?" ಎಂದನಂತೆ. ಇವಳು ಅವನಿಗೊಂದು ಕೆಂಪು ಬಾಳೆಹಣ್ಣು ಕೊಟ್ಟು ಬಂದಳು.

ಆಮೇಲೆ ಕಾಯುವುದು. ಪ್ರಬಂಧ ಪರೀಕ್ಷಕರ ಕೈಗೆ ಹೋಗಿ, ಅವರು ಓದಿ, ವರದಿ ಬಂದು, ಎಲ್ಲರ ಮುಂದೆ ಮೌಖಿಕ ಪರೀಕ್ಷೆ ಆಗಬೇಕು. ಅದಕ್ಕೆ ಅವರು ವೈವಾ ಅನ್ನುತ್ತಾರೆ. ಏಳು ತಿಂಗಳು ಹಿಡಿಯಿತು. ಈ ಏಳು ತಿಂಗಳಲ್ಲಿ ನಮ್ಮ ಓಣಿಯಲ್ಲಿ ನಡೆದದ್ದು ಯಾವ ಪ್ರಬಂಧದಲ್ಲೂ ಇಲ್ಲ.

ಪ್ರಬಂಧದ ಮೊದಲ ಪುಟದಲ್ಲಿ ವಿದ್ಯಾವತಿ ಕೃತಜ್ಞತೆ ಬರೆದಿದ್ದಳು: ಕಮಲಾಪುರದ ನಮ್ಮ ಓಣಿಯ ಮೂರು ಮನೆಗಳು ನನ್ನ ತಪ್ಪನ್ನು ತೋರಿಸಿದವು ಎಂದು. ಶಿವಲಿಂಗ ಅದನ್ನು ತಾಯಿಗೆ ಓದಿ ಹೇಳಿದ. ಚಂದಮ್ಮ ಬಹಳ ಹೊತ್ತು ಯೋಚಿಸಿದಳು. ಅಚ್ಚಾದ ಮಾತು, ಸರಕಾರದ ಕೈಗೆ ಕೊಟ್ಟ ಮಾತು. ಈಗ ತಾನು ಅಂಬಿಕಾಳಿಗೆ ಹೆಪ್ಪು ಕೊಟ್ಟುಬಿಟ್ಟರೆ ಸೊಸೆ ಬರೆದದ್ದು ಸುಳ್ಳಾಗುವುದಿಲ್ಲವೇ?

"ಹಂಗೇನಿಲ್ರೀ ಅತ್ತಿ" ಎಂದು ವಿದ್ಯಾವತಿ ಎಷ್ಟು ಹೇಳಿದರೂ ಕೇಳಲಿಲ್ಲ. "ನೀವು ಕೂಡಿದ್ರೂ ಲೆಕ್ಕಾ ಕೆಡಂಗಿಲ್ಲ. ಕಾಗದದ ಮ್ಯಾಲ ಬರದ ಮೂರು ಚುಕ್ಕಿ ಸಾಕು."

"ನೀ ಸುಮ್ನಿರು. ಇದರ ಮೊದಲೂ ಅರ್ಧ ಸಾಕು ಅಂತಿದ್ದಿ. ಏನಾತು?"

ದಸರೆ ಬಂತು. ಬನ್ನಿ ಎಲೆ ಕೊಟ್ಟು, ನಾವು ನೀವು ಬಂಗಾರದ ಹಾಗೆ ಇರೋಣ ಎಂದು ಕೈ ಮುಗಿಯುವ ದಿನ. ಹಾವು ಮುಂಗುಸಿಯಂಥವರೂ ಆ ದಿನ ಕೂಡುತ್ತಾರೆ. ಅಂಬಿಕಾ ಬನ್ನಿ ಹಿಡಿದು ಚಂದಮ್ಮನ ಬಾಗಿಲಿಗೆ ಬಂದಳು. ಚಂದಮ್ಮ ಬನ್ನಿ ತೆಗೆದುಕೊಂಡಳು, ಕೊಟ್ಟಳು, ತಲೆಯ ಮೇಲೆ ಕೈ ಇಟ್ಟಳು. ನಂತರ ಆಚೀಚೆ ನೋಡಿ ದನಿ ತಗ್ಗಿಸಿದಳು. ನಾನು ಕಟ್ಟೆಯ ಮೇಲೆ ಇದ್ದೇನೆಂಬುದು ಇಬ್ಬರಿಗೂ ನೆನಪಿರಲಿಲ್ಲ.

"ಕೇಳವಾ, ಬನ್ನಿ ಬ್ಯಾರೆ, ಹೆಪ್ಪು ಬ್ಯಾರೆ. ವೈವಾ ಆಗೋ ತನಕ ನೀ ಕೇಳಬ್ಯಾಡ, ನಾ ಕೊಡಂಗಿಲ್ಲ."

"ಆತ್ ತೊಗೋ ಚಂದಮ್ಮಕ್ಕ. ಹುಡುಗಿ ಪಾಸಾಗಲಿ. ನಾ ಬಟ್ಟಲಾ ತೊಳದು ಗೋಡಿ ಮಾಡದಾಗೇ ಇಟ್ಟೀನಿ."

"ಮತ್ತ ಮುಂಜಾನಿ ಅಷ್ಟ ಬೈದಾಡಿದ್ಯಲ್ಲ ನೀರಿನ ನಳದ ಬಲ್ಲಿ?"

"ಮಂದಿ ನಂಬಬೇಕಲ್ಲ!"

ಜಗಳವನ್ನು ಇಷ್ಟು ಒಗ್ಗಟ್ಟಿನಿಂದ ಕಾಯ್ದುಕೊಂಡ ಇಬ್ಬರನ್ನು ನನ್ನ ಎಪ್ಪತ್ತು ವರ್ಷದಲ್ಲಿ ಕಂಡಿಲ್ಲ.

ನವೆಂಬರ್ ತಿಂಗಳ ಒಂದು ಬುಧವಾರ ವೈವಾ. ಒಂದು ಜೀಪು ತುಂಬ ಜನ ಹೋದೆವು. ಅಂಬಿಕಾ, ಶೇವಂತಾ ಇಬ್ಬರೂ ಬಂದರು. ಜೊತೆಗೆ ಎರಡು ಡಬ್ಬಿ ಶೇಂಗಾ ಹೋಳಿಗೆ. ವಿಭಾಗದ ಹಾಲಿನಲ್ಲಿ ನಾವು ಹಿಂದಿನ ಸಾಲು. ಮುಂದೆ ಅತುಲ ಸರ್ ಉಗುರು ಕಡಿಯುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಬಿಳಿ ಮೀಸೆಯ ಹಿರಿಯರು, ಮೂಲ ರಾಯಚೂರು ಕಡೆಯವರಂತೆ. ವಿದ್ಯಾವತಿ ಮುಕ್ಕಾಲು ತಾಸು ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ತಿಳಿದದ್ದು ಚುಕ್ಕಿಗಳು ಮಾತ್ರ, ಆದರೆ ಅವಳ ದನಿ ಎಲ್ಲಿಯೂ ಕಿರ್ ಎನ್ನಲಿಲ್ಲ.

ಪರೀಕ್ಷಕರು ಪ್ರಬಂಧ ಬಿಡಿಸಿ ಹೇಳಿದರು, ಕನ್ನಡದಲ್ಲಿಯೇ: "ನೋಡಮ್ಮ, ಈ ವಿಷಯದ ಪ್ರಬಂಧ ಬಂದಾಗ ನಾನು ಮೊದಲು ನೋಡೋದೇ ಈ ಜಾಗ. ಎರಡೂ ಕಡೆಯ ಗೆರೆಯಿಂದ ಒಂದು ಕಡೆಯ ಗೆರೆಗೆ ಬರುವಾಗ ಇಲ್ಲೊಂದು ಹಳ್ಳ ಇದೆ. ಎಷ್ಟೋ ಜನ ಬಿದ್ದಿದ್ದಾರೆ. ಇಬ್ಬರನ್ನು ನಾನೇ ವಾಪಸು ಕಳಿಸಿದ್ದೇನೆ. ನೀವೂ ಬಿದ್ದಿರ್ತೀರಿ ಅಂತ ಆಸೆಯಿಂದ ತೆಗೆದೆ." ಹಾಲಿನಲ್ಲಿ ನಗು. "ನೀವು ಹಳ್ಳಕ್ಕೆ ಸೇತುವೆ ಕಟ್ಟಿದ್ದೀರಿ. ಒಂದೇ ಪ್ರಶ್ನೆ. ಮೊದಲ ಪುಟದ ಮೂರು ಮನೆ ನಿಜವೋ, ಕಲ್ಪನೆಯೋ?"

ವಿದ್ಯಾವತಿ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಚಂದಮ್ಮ ಎದ್ದು ನಿಂತಳು. "ನಿಜ ಅದಾವ್ರಿ ಸಾಹೇಬ್ರ! ನಾನೇ ಒಂದನೇ ಮನಿ."

"ನಂದು ಮೂರನೇದ್ರಿ" ಎಂದು ಅಂಬಿಕಾ ಎದ್ದಳು.

"ನೀವು ಇವರಿಗೆ ಹೆಪ್ಪು ಯಾಕ್ರಮ್ಮ ಕೊಡೋದಿಲ್ಲ?"

"ಖಾಲಿ ಬಟ್ಟಲಾ ಕಳಿಸಿದ್ಳ್ರಿ."

"ಅವತ್ತ ಮನ್ಯಾಗ ಸಕ್ರಿ ಮುಗದಿತ್ರಿ!" ಎಂದಳು ಅಂಬಿಕಾ. ಮೂರು ವರ್ಷದಲ್ಲಿ ಈ ಕಾರಣ ಅವಳು ಹೇಳಿದ್ದು ಅದೇ ಮೊದಲು. ಚಂದಮ್ಮ ಕೇಳಿದ್ದೂ ಅದೇ ಮೊದಲು. ಅತುಲ ಸರ್ ತಲೆ ಕೆಳಗೆ ಹಾಕಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು.

ಪರೀಕ್ಷಕರು ವಿದ್ಯಾವತಿಯ ಕಡೆ ತಿರುಗಿದರು. "ಇವರಿಬ್ಬರು ರಾಜಿಯಾದರೆ ನಿಮ್ಮ ಸಿದ್ಧಾಂತದ ಗತಿ?"

"ಸಿದ್ಧಾಂತಕ್ಕೆ ಏನೂ ಆಗೋದಿಲ್ಲ ಸರ್. ನಮ್ಮ ಓಣಿಗೆ ಮಾತ್ರ ಆಗ ಒಂದೇ ಮನೆ ಸಾಕಾಗ್ತದೆ."

ಅಷ್ಟೇ. ಹತ್ತು ನಿಮಿಷ ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಕರೆದರು. ಎದ್ದು ನಿಂತು, "ಡಾಕ್ಟರ್ ವಿದ್ಯಾವತಿ" ಎಂದರು. ಉಮ್ಮೆ ಹಾನಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ಶೇಂಗಾ ಹೋಳಿಗೆ ಸಾಲದೆ ಬಂತು.

ಮರಳುವಾಗ ಜೀಪಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಊರು ಹತ್ತಿರ ಬಂದಾಗ ಚಂದಮ್ಮ ಸೊಸೆಯ ಮೊಣಕಾಲು ತಟ್ಟಿದಳು.

"ವಿದ್ಯಾ, ನಾ ಅಂಬಿಕಾಗ ಕೊಟ್ರ ಒಂದ ಮನಿ ಸಾಕಂದ್ಯಲ್ಲ. ಅದು ಯಾವ ಮನಿ?"

ವಿದ್ಯಾವತಿ ಬೆರಳಲ್ಲಿ ಸೀಟಿನ ಮೇಲೆ ಮೂರು ಚುಕ್ಕಿ ಒತ್ತಿದಳು. "ಶೇವಂತಕ್ಕನಿಗಿ ನೀವು ಕೊಡ್ತೀರಿ. ಅಂಬಿಕಕ್ಕನಿಗೂ ಕೊಟ್ರ, ಅದು ನಿಮ್ಮ ಮನೀನೇ ಅತ್ತಿ. ಬ್ಯಾರೆ ಯಾವ ಮನಿನೂ ಸಾಲಂಗಿಲ್ಲ."

ಮರುದಿನ ಸೂರ್ಯ ಬೇವಿನ ಗಿಡದ ಮೇಲೆ ಬರುವ ಮೊದಲೇ ಚಂದಮ್ಮ ಸೆರಗು ಹೊದ್ದು, ಕಂಚಿನ ಬಟ್ಟಲಲ್ಲಿ ಹೆಪ್ಪು ಹಿಡಿದು, ಅಂಬಿಕಾಳ ಬಾಗಿಲ ಕಡೆ ನಡೆದಿದ್ದಳು. ಯಾರೂ ಕರೆದಿರಲಿಲ್ಲ, ಕೇಳಿರಲಿಲ್ಲ. ನನ್ನ ಅಂಗಳ ದಾಟುವಾಗ ನಿಂತು, ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು:

"ಬಡಗಿ ಮಾಮಾ, ನಿನಗೂ ಹೆಪ್ಪು ಬೇಕಂದ್ರ ನಮ್ಮಲ್ಲೇ ಬಾ. ಬಟ್ಟಲಾ ಖಾಲಿ ಕಳಿಸಬ್ಯಾಡ ಮತ್ತ."